ಗೋಡೆ ನೋಡಿ ಕೊಟ್ಟ ಅಂಕ

"ಮಾನ್ಯರೇ, ನಿಮ್ಮ ಪತ್ರಿಕೆಯ ಮೇಲೆ ನನಗೆ ಅಚಲವಾದ ನಂಬಿಕೆಯಿದೆ. ಜಾಹೀರಾತು ಕೊಟ್ಟವರ ಡಬ್ಬವನ್ನೇ ನೀವು ಹೊಗಳುತ್ತೀರೆಂಬ ನಂಬಿಕೆ!"

ಕಚೇರಿಯ ಸಹಾಯಕಿ ಗಿಣಿ ಪತ್ರವನ್ನು ಓದುತ್ತಿರಲಿಲ್ಲ. ಪತ್ರ ಬರೆದ ವಕೀಲರೇ ಆಗಿಬಿಟ್ಟಿದ್ದಳು. ಗದ್ದವನ್ನು ಕತ್ತಿನೊಳಗೆ ಇಳಿಸಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಒಂದೊಂದು ವಾಕ್ಯಕ್ಕೂ ಎದುರಿಗಿಲ್ಲದ ನ್ಯಾಯಾಧೀಶರಿಗೆ ತಲೆಬಾಗುತ್ತಿದ್ದಳು. ಆ ವಕೀಲರನ್ನು ಅವಳು ಕಂಡವಳೇ ಅಲ್ಲ. ಕೈಬರಹ ನೋಡಿಯೇ ದನಿ ಹಿಡಿಯುತ್ತೇನೆಂಬ ಜಂಬ ಅವಳದು. ಆ ತಂತ್ರಜ್ಞಾನ ಪತ್ರಿಕೆಯ ಕಚೇರಿಯಲ್ಲಿ ಸೋಮವಾರ ಬೆಳಗಾಯಿತೆಂದರೆ ಓದುಗರ ಪತ್ರಗಳಿಗೆ ಹೀಗೆ ಕೈಕಾಲು ಬರುತ್ತಿದ್ದವು. ಅಚ್ಚು ತಿದ್ದುವವರು, ಚಿತ್ರ ಬರೆಯುವವರು, ಲೆಕ್ಕದವರು ಎಲ್ಲ ಕುರ್ಚಿ ಎಳೆದುಕೊಂಡು ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಸೋಮವಾರ ಒಬ್ಬ ಮಾತ್ರ ನಗಲಿಲ್ಲ. ನಗದೇ ಇದ್ದವನ ಕಥೆಯೇ ಇದು. ನಡೆದದ್ದೇ ಇದು. ನಾನು ಉಪ್ಪುಖಾರ ಹಚ್ಚಿದ್ದೇನೆಂದು ಯಾರಾದರೂ ಹೇಳಿದರೆ ಖಾರದ ವಿಷಯದಲ್ಲಿ ಮಾತ್ರ ನಂಬಬಹುದು.

ಅವನನ್ನು ಎಲ್ಲರೂ ತಕ್ಕಡಿ ಎನ್ನುತ್ತಿದ್ದರು. ಪೇಟೆಗೆ ಬರುವ ಸ್ಪೀಕರು, ರೇಡಿಯೋ, ಇಯರ್‌ಫೋನುಗಳನ್ನು ಕೇಳಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವುದು ಅವನ ಕೆಲಸ. ಯಾವುದು ಯಾವ ಕಂಪನಿಯದೆಂದು ತನಗೇ ತಿಳಿಯಬಾರದೆಂದು ಅವನು ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಬೆನ್ನ ಹಿಂದಿನ ಮೇಜಿನ ಮೇಲೆ ಕಪ್ಪು ಬಟ್ಟೆ ಹೊದ್ದ ಡಬ್ಬಗಳು. ಗಿಣಿ ಒಂದೊಂದಕ್ಕೇ ತಂತಿ ಸಿಕ್ಕಿಸಿ, "ಒಂದು", "ಎರಡು" ಎಂದಷ್ಟೇ ಹೇಳಿ, ಎಲ್ಲದರಲ್ಲೂ ಅದೇ ಹಾಡನ್ನು ಹಾಕುವಳು. ಹಾಗೆ ಹತ್ತು ವರ್ಷ. "ನಾವು ಗೋಡೆ ನೋಡುತ್ತೇವೆ, ಬೆಲೆ ನೋಡುವುದಿಲ್ಲ" ಎಂಬ ಸಾಲು ಅವನ ಪುಟದ ನೆತ್ತಿಯ ಮೇಲೆ ಪ್ರತಿ ತಿಂಗಳೂ ಅಚ್ಚಾಗುತ್ತಿತ್ತು. ಕಂಪನಿಯವರು ಕಳಿಸಿದ ಪೆನ್ನನ್ನೂ ಅವನು ವಾಪಸು ಕಳಿಸುವವನು. ಅವನ ಮಾವ ಅಂಗಡಿಯಲ್ಲಿ ನಿಂತು ಒಂದು ಟಾರ್ಚು ಕೊಳ್ಳುವ ಮೊದಲೂ ಫೋನು ಮಾಡಿ, "ಅಳಿಯಂದ್ರೇ, ಇದಕ್ಕೆಷ್ಟು ಕೊಡಬಹುದು?" ಎನ್ನುತ್ತಿದ್ದರು. ಕೇಳುತ್ತಿದ್ದದ್ದು ಅಂಕ, ಬೆಲೆಯಲ್ಲ.

ಹಿಂದಿನ ಸಂಚಿಕೆಯಲ್ಲಿ ಸಂಪಾದಕಿ ಓದುಗರಿಗೆ ಒಂದು ಪ್ರಶ್ನೆ ಹಾಕಿದ್ದರು: ನಮ್ಮ ಮೇಲೆ ನಿಮಗೆ ನಂಬಿಕೆಯಿದೆಯೇ, ಮುಲಾಜಿಲ್ಲದೆ ಬರೆಯಿರಿ. ಓದುಗರು ಮುಲಾಜಿಲ್ಲದೆ ಬರೆದಿದ್ದರು. ಬರೆದ ಬಹಳಷ್ಟು ಜನರ ಕಣ್ಣು ತಕ್ಕಡಿಯ ಪುಟದ ಮೇಲೇ ಇತ್ತು.

"ಇದು ಹಲ್ಲಿನ ಡಾಕ್ಟ್ರಮ್ಮಂದು," ಎಂದು ಗಿಣಿ ಇನ್ನೊಂದು ಪತ್ರ ಎತ್ತಿಕೊಂಡು, ಬಾಯಿಯನ್ನು ಅಗಲಿಸಿ, ಮಾತನ್ನು ಹಲ್ಲುಹಲ್ಲಾಗಿ ಬಿಡಿಸಿದಳು. "'ದುಬಾರಿ ಸ್ಪೀಕರಿಗೆ ಯಾವಾಗ ನೋಡಿದರೂ ಒಂಬತ್ತು. ಅಗ್ಗದ್ದಕ್ಕೆ ನಾಲ್ಕೋ ಐದೋ. ಇದೇನು ಕಾಕತಾಳೀಯವೇ? ನನ್ನ ಕ್ಲಿನಿಕ್ಕಿನಲ್ಲಿರುವುದು ನಿಮ್ಮವರು ನಾಲ್ಕು ಅಂಕ ಕೊಟ್ಟ ಡಬ್ಬ. ಹಲ್ಲು ಕೀಳಿಸಿಕೊಳ್ಳುವವರು ಯಾರೂ ಹಾಡಿನ ಬಗ್ಗೆ ದೂರಿಲ್ಲ. ದಯವಿಟ್ಟು ನಮ್ಮ ಕಿವಿ ಮೇಲೆ ಹೂವಿಡಬೇಡಿ.'"

ಎಲ್ಲರೂ ಘೊಳ್ಳೆಂದರು. ತಕ್ಕಡಿ ಎದ್ದು ನಿಂತ. ಅವನ ಕಿವಿಗಳು ಕೆಂಪಾಗಿದ್ದವು.

"ಕರೀರಿ ಇವರಿಬ್ಬರನ್ನೂ."

"ಎಲ್ಲಿಗೆ?" ಎಂದರು ಸಂಪಾದಕಿ.

"ಇಲ್ಲಿಗೆ. ನನ್ನ ಪಕ್ಕದಲ್ಲೇ ಗೋಡೆ ನೋಡ್ಕೊಂಡು ಕೂತ್ಕೊಳ್ಲಿ. ಅವರೂ ಅಂಕ ಹಾಕ್ಲಿ, ನಾನೂ ಹಾಕ್ತೀನಿ. ನನ್ನ ಅಂಕದಲ್ಲಿ ಒಂದು ಎಳ್ಳಷ್ಟು ಪಕ್ಷಪಾತ ಕಂಡ್ರೂ ಅವತ್ತೇ ಪುಟ ಬಿಟ್ಬಿಡ್ತೀನಿ. ಬರ್ಕೊಳ್ಳಿ ಮೇಡಂ, ಇದನ್ನ ಹೀಗೇ ಅಚ್ಚು ಹಾಕಿ."

"ಏ, ಬಿಡಪ್ಪಾ. ತಮಾಷೆಗೆ ಓದಿದ್ದು ಅವಳು."

"ನಂಗೆ ತಮಾಷೆ ಅಲ್ಲ. ನನ್ನ ಹತ್ರ ಇರೋದೇ ಈ ಎರಡು ಕಿವಿ."

ಸಂಪಾದಕಿ ಅಚ್ಚು ಹಾಕಿಯೇಬಿಟ್ಟರು. ಆಡಿದ ಮಾತನ್ನು ನುಂಗಬಹುದು, ಅಚ್ಚಾದದ್ದನ್ನು ನುಂಗುವುದು ಹೇಗೆ? ಪುಟ ಉಳಿಯುವುದೋ ಹೋಗುವುದೋ ಎಂದು ಕಚೇರಿಯೇ ದಿನ ಎಣಿಸತೊಡಗಿತು. ತಕ್ಕಡಿ ಮಾತ್ರ ನಿಶ್ಚಿಂತೆಯಿಂದಿದ್ದ. ಬಚ್ಚಿಡುವುದೇನೂ ಇಲ್ಲದವನಿಗೆ ಇರುವಂಥ ನಿಶ್ಚಿಂತೆ.

ವಕೀಲರು ಬಂದು ಬಾಗಿಲಲ್ಲಿ ನಿಂತು "ನಮಸ್ಕಾರ" ಎಂದದ್ದೇ ತಡ, ಅಚ್ಚು ತಿದ್ದುವವರು ಬಾಯಿಗೆ ಕರವಸ್ತ್ರ ತುರುಕಿಕೊಂಡು ಹೊರಗೆ ಓಡಿದರು. ಗಿಣಿ ಮಾಡಿ ತೋರಿಸಿದ್ದ ದನಿ, ಗದ್ದ, ಎಲ್ಲ ಹಾಗೆ ಹಾಗೇ ಇತ್ತು. ಕನ್ನಡಕ ಮಾತ್ರ ನಿಜವಾದದ್ದು. ಹಲ್ಲಿನ ಡಾಕ್ಟರು ಮೆತ್ತಗೆ ಮಾತಾಡುವ ಹೆಂಗಸು, ಪತ್ರದಲ್ಲಿದ್ದ ಒರಟುತನ ಮುಖದಲ್ಲಿರಲಿಲ್ಲ. ಮೂರು ಕುರ್ಚಿಗಳನ್ನು ಗೋಡೆಯ ಕಡೆ ತಿರುಗಿಸಿ ಹಾಕಿದ್ದರು. ಮೂವರೂ ಬೆನ್ನು ತೋರಿಸಿ ಕೂತದ್ದು, ಪಾಠ ಒಪ್ಪಿಸದ ಮೂರು ದೊಡ್ಡ ಮಕ್ಕಳನ್ನು ಶಿಕ್ಷೆಗೆ ಕೂರಿಸಿದ ಹಾಗಿತ್ತು.

"ಮಾತಾಡೋ ಹಾಗಿಲ್ಲ, ಪಕ್ಕದವರದ್ದು ಇಣುಕಿ ನೋಡೋ ಹಾಗಿಲ್ಲ," ಎಂದಳು ಗಿಣಿ. "ವಕೀಲ್ರೇ, ನಿಮಗೇ ಹೇಳಿದ್ದು."

ತಕ್ಕಡಿ ಕಣ್ಣೆದುರಿನ ಸುಣ್ಣದ ಗೋಡೆಯನ್ನು ನೋಡಿದ. ಅಲ್ಲಿ ಉಬ್ಬಿದ್ದ ಬಣ್ಣದ ಗುಳ್ಳೆ ಅವನಿಗೆ ಅಂಗೈಯ ಗೆರೆಗಿಂತ ಪರಿಚಿತ. ಹಿಂದೆ ಬಟ್ಟೆ ಸರಸರ ಎಂದಿತು. ಪ್ಲಗ್ಗು ಟಕ್ಕೆಂದಿತು. "ಒಂದು." ಹಾಡು ಬಂತು. ಪರವಾಗಿಲ್ಲ, ಆದರೆ ಕೆಳಗಿನ ದನಿಗಳಿಗೆ ಹೊಟ್ಟೆ ತುಂಬಿಲ್ಲ. ಐದು ಎಂದು ಬರೆದ. "ಎರಡು." ಸ್ವಲ್ಪ ಬಿಡುವು, ಸ್ವಲ್ಪ ಗಾಳಿ. ಆರು. ಆಮೇಲೆ ಒಂದು ಗಳಿಗೆ ಸದ್ದಿಲ್ಲ. ಬಟ್ಟೆ ಮೆತ್ತಗೆ ಸರಿಯಿತು. ಪ್ಲಗ್ಗು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. "ಮೂರು."

ಹಾಡು ಬಂದಾಗ ತಕ್ಕಡಿಯ ಮೈಮೇಲಿನ ರೋಮ ನಿಂತಿತು. ಅದೇ ಗಾಯಕಿ, ಅದೇ ಸಾಲು. ಆದರೆ ಇಲ್ಲಿ ಅವಳು ಹಾಡುವ ಮುನ್ನ ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿದೆ. ತಂತಿವಾದ್ಯ ಎಡಕ್ಕೆ, ತಾಳ ಬಲಕ್ಕೆ, ಮಧ್ಯೆ ಅವಳು ನಿಂತಿದ್ದಾಳೆ. ಇದು ಡಬ್ಬವಲ್ಲ, ಮನೆ. ಅವನು ಕಣ್ಣುಮುಚ್ಚಿ ಒಂಬತ್ತು ಎಂದು ಬರೆದ. ಮತ್ತೆ ಬಟ್ಟೆ ಸರಸರ, ಪ್ಲಗ್ಗು ಟಕ್ಕೆಂದಿತು. "ನಾಲ್ಕು" ಎಂದಾಗ ಗಾಯಕಿಯನ್ನು ಯಾರೋ ತಗಡಿನ ಬಕೆಟ್ಟಿನೊಳಗೆ ಇಳಿಸಿದಂತಾಯಿತು. ನಾಲ್ಕಕ್ಕೆ ನಾಲ್ಕೇ. ಐದನೆಯದಕ್ಕೆ ಏಳು.

ಸಂಪಾದಕಿ ಮೂರೂ ಚೀಟಿಗಳನ್ನು ತೆಗೆದುಕೊಂಡು ಓದಿದರು. ತಕ್ಕಡಿಯದಾದ ಮೇಲೆ ವಕೀಲರದು: ಮೂರನೆಯದಕ್ಕೆ ಒಂಬತ್ತು, ನಾಲ್ಕನೆಯದಕ್ಕೆ ಮೂರು. "'ನಾಲ್ಕನೆಯದರಲ್ಲಿ ಗಾಯಕಿಗೆ ನೆಗಡಿ' ಅಂತ ಷರಾ ಬೇರೆ ಬರ್ದಿದೀರಲ್ಲ ಸಾರ್!" ಹಲ್ಲಿನ ಡಾಕ್ಟರು ಮೂರನೆಯದಕ್ಕೆ ಎಂಟೂವರೆ, ನಾಲ್ಕನೆಯದಕ್ಕೆ ನಾಲ್ಕು ಕೊಟ್ಟಿದ್ದರು.

ಕೋಣೆಯಲ್ಲಿ ಒಂದು ನಿಟ್ಟುಸಿರು ಎದ್ದಿತು. ವಕೀಲರು ಎದ್ದು, ಕನ್ನಡಕ ತೆಗೆದು, ತಕ್ಕಡಿಯ ಕೈ ಹಿಡಿದುಕೊಂಡರು.

"ಸ್ವಾಮೀ, ನನ್ನ ಆರೋಪ ಬೇಷರತ್ತಾಗಿ ವಾಪಸ್. ನಿಮ್ಮ ಕಿವಿ ಕಿವಿಯಲ್ಲ, ಕೋರ್ಟು."

"ನಂದೂ ತಪ್ಪಾಯ್ತು," ಎಂದರು ಡಾಕ್ಟರು. "ಕ್ಲಿನಿಕ್ಕಿಗೆ ಆ ಮೂರನೇದನ್ನೇ ತಗೋತೀನಿ. ಯಾವ ಕಂಪನೀದು ಅದು?"

ತಕ್ಕಡಿ ಗಿಣಿಯ ಕಡೆ ತಿರುಗಿ, ಬಟ್ಟೆ ತೆಗಿ ಎಂದು ಕೈಸನ್ನೆ ಮಾಡಿದ. ಗಿಣಿ ತೆಗೆಯಲಿಲ್ಲ. ಅವಳು ಮೇಜಿಗೆ ಅಂಟಿಕೊಂಡು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಯಾವ ಹೊತ್ತಿನಲ್ಲಿ ನೋಡಿದರೂ ಇನ್ನೊಬ್ಬರ ಮುಖ ಹಾಕಿಕೊಂಡಿರುತ್ತಿದ್ದವಳಿಗೆ ಈಗ ಹಾಕಿಕೊಳ್ಳಲು ಒಂದೂ ಸಿಕ್ಕಿರಲಿಲ್ಲ.

"ಏನಾಯ್ತೇ?"

"ನಾಳೆ ತೆಗೆಯೋಣ ಕಣೋ."

"ನಾಳೆ ಯಾಕೆ? ತೆಗಿ."

ಅವಳು ಕದಲದಿದ್ದಾಗ ಅವನೇ ಹೋಗಿ ಮೊದಲ ಬಟ್ಟೆ ಎಳೆದ. ಕೆಳಗೆ ಒಂದು ಚಪ್ಪಲಿ ಡಬ್ಬ. ಎರಡನೆಯದನ್ನು ಎಳೆದ. ಅಚ್ಚಿನ ಕಾಗದದ ಕಟ್ಟು. ಮೂರನೆಯದು, ಆ ಮನೆಯಂಥ ಮೂರನೆಯದು, ಬಿಸ್ಕತ್ತಿನ ಖಾಲಿ ತಗಡು. ನಾಲ್ಕನೆಯದು ಎರಡು ದಪ್ಪ ನಿಘಂಟುಗಳು. ಐದನೆಯ ಬಟ್ಟೆಯ ಕೆಳಗೆ ಒಂದು ಸಾಧಾರಣ ಸ್ಪೀಕರು ಕೂತಿತ್ತು, ತಂತಿ ಸಿಕ್ಕಿಸಿಕೊಂಡು. ಬೆಳಗಿನಿಂದ ಹಾಡಿದ್ದೆಲ್ಲ ಅದೊಂದೇ.

ವಕೀಲರ ಬಾಯಿ ತೆರೆದದ್ದು ತೆರೆದೇ ಇತ್ತು. ಡಾಕ್ಟರು ಅಭ್ಯಾಸಬಲದಿಂದ ಅದರೊಳಗೆ ಒಮ್ಮೆ ನೋಡಿ ಮುಖ ತಿರುಗಿಸಿದರು.

"ನಾನು ತಮಾಷೆಗೆ..." ಗಿಣಿಯ ದನಿ ಅವಳದೇ ಆಗಿತ್ತು, ತೆಳ್ಳಗೆ. "ನೀನು ಎರಡನೇದಕ್ಕೇ ಎದ್ದು ನಿಂತು, 'ಏ ಗಿಣಿ, ಎಲ್ಲಾ ಒಂದೇ ಅಲ್ವೇನೇ' ಅಂತ ನನ್ನ ಕಿವಿ ಹಿಂಡ್ತೀಯ ಅಂದ್ಕೊಂಡಿದ್ದೆ. ಇವರ ಬಾಯಿಗೆ ಬೀಗ ಬೀಳುತ್ತೆ, ಆಮೇಲೆ ಎಲ್ಲರೂ ನಗೋಣ ಅಂತ. ನಿನಗೆ ಗೊತ್ತಾಗಲ್ಲ ಅಂತ ನಂಗೆ ಕನಸಲ್ಲೂ... ಎಲ್ಲರಿಗಿಂತ ನಿನ್ನ ನಂಬಿದ್ದು ನಾನು ಕಣೋ."

ತಕ್ಕಡಿ ಬಿಸ್ಕತ್ತಿನ ತಗಡನ್ನೇ ನೋಡುತ್ತಿದ್ದ. ಅವನಿಗೆ ಸಿಟ್ಟು ಬರಲಿಲ್ಲ. ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದೆ ಹೋದಾಗ ಸಿಟ್ಟು ಬರುವುದಿಲ್ಲ, ಕೈ ಸುಮ್ಮನೆ ಗೋಡೆಗಾಗಿ ತಡಕಾಡುತ್ತದೆ. ಆದರೆ ಒಂದು ಸಂಗತಿ ಅವನನ್ನು ಕುಟುಕಿತು. ಸುಮ್ಮನೆ ಊಹೆಯಿಂದ ಬರೆದಿದ್ದರೆ ಮೂವರ ಊಹೆಯೂ ಒಂದೇ ಆದದ್ದು ಹೇಗೆ?

"ನೀನು ಮೂರನೇದಕ್ಕೆ ಏನು ಮಾಡಿದೆ?"

"ಏನೂ ಇಲ್ಲ. ತಂತಿ ತೆಗೆದು ಮತ್ತೆ ಹಾಕಿದ ಹಾಗೆ ಮಾಡಿದೆ. ಐದು ಸ್ಪೀಕರ್ ಇರೋ ಹಾಗೆ ಆ್ಯಕ್ಟಿಂಗು."

"ಮೂರನೇದು ಯಾವುದು ಅಂತ ಆ್ಯಕ್ಟ್ ಮಾಡಿದೆ?"

ಗಿಣಿ ತನ್ನ ಕೈಗಳನ್ನು ನೋಡಿಕೊಂಡಳು. "ದುಬಾರೀದು," ಎಂದಳು. "ಕಂಪನಿಗೆ ವಾಪಸ್ ಕಳಿಸಬೇಕಾದ್ದು. ಗೀರು ಬಿದ್ರೆ ನನ್ನ ತಲೆಗೇ ಬರುತ್ತಲ್ಲ, ಅದನ್ನ ಯಾವಾಗ್ಲೂ ನಿಧಾನಕ್ಕೆ... ಅಯ್ಯೋ."

"ಅಯ್ಯೋ" ಎಂದವಳು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ತಕ್ಕಡಿ ಹೋಗಿ ಕುರ್ಚಿಯಲ್ಲಿ ಕೂತ, ಗೋಡೆಗೆ ಮುಖ ಮಾಡಿ. "ಇನ್ನೊಂದ್ಸಲ ಮಾಡು. ಎರಡೇ ಸಲ. ಮೊದಲನೇದು ಅಗ್ಗದ್ದರ ಥರ. ಎರಡನೇದು ದುಬಾರೀದರ ಥರ."

"ಬೇಡ ಕಣೋ."

"ಮಾಡು ಅಂದ್ನಲ್ಲ."

ಬಟ್ಟೆ ಸರಸರ, ಪ್ಲಗ್ಗು ಟಕ್. ಹಾಡು ಬಂತು, ಬರೀ ಹಾಡು. ಆಮೇಲೆ ಒಂದು ಗಳಿಗೆ ಮೌನ. ಹಿಂದೆ ಗಿಣಿ ಉಸಿರು ಬಿಗಿಹಿಡಿದದ್ದು ಅವನಿಗೆ ಕೇಳಿಸಿತು. ಹತ್ತು ವರ್ಷ ಪ್ರತಿ ತಿಂಗಳೂ ಅದು ಅವನಿಗೆ ಕೇಳಿಸಿತ್ತು. ಬಟ್ಟೆ ಮೆತ್ತಗೆ ಸರಿಯಿತು, ಪ್ಲಗ್ಗು ಬೆಣ್ಣೆಯಲ್ಲಿಳಿಯಿತು. ಅದೇ ಡಬ್ಬ ಎಂದು ಅವನಿಗೆ ಗೊತ್ತು. ಈಗ ತಾನೇ ಕಣ್ಣಾರೆ ನೋಡಿ ಬಂದು ಕೂತಿದ್ದಾನೆ. ಹಾಡು ಶುರುವಾಯಿತು, ಮತ್ತು ಗಾಯಕಿ ಬಂದು ನಿಂತಳು. ತಂತಿವಾದ್ಯ ಎಡಕ್ಕೆ ಸರಿಯಿತು, ತಾಳ ಬಲಕ್ಕೆ. ಗೊತ್ತಿದ್ದೂ ಇಂಪಾಗಿತ್ತು. ಅವನ ರೋಮ ಮತ್ತೆ ನಿಂತಿತು. ನಿಂತ ರೋಮವನ್ನು ಅವನು ಯಾರದೋ ತೋಳಿನ ಮೇಲಿನದನ್ನು ನೋಡುವಂತೆ ನೋಡಿದ.

ಹಾಗಾದರೆ ತಾನು ಕಳ್ಳನಲ್ಲ. ಯಾರ ಪೆನ್ನನ್ನೂ ಇಟ್ಟುಕೊಳ್ಳಲಿಲ್ಲ, ಯಾರ ಊಟವನ್ನೂ ಉಣ್ಣಲಿಲ್ಲ. ಕಳ್ಳನಾಗಿದ್ದರೆ ಕದಿಯುವುದನ್ನು ಬಿಡಬಹುದಿತ್ತು. ಕಿವಿಯನ್ನು ಬಿಡುವುದು ಹೇಗೆ?

"ಹಿತ್ತಾಳೆ ಕಿವಿ," ಎಂದ ಅವನು ಗೋಡೆಗೆ.

ಸಂಪಾದಕಿ ಹೋಗಿ ಬಾಗಿಲು ಮುಚ್ಚಿ ಬಂದರು. ದನಿ ತಗ್ಗಿಸಿದರು. "ನೋಡಿ, ಇದು ಈ ಕೋಣೆಯಿಂದ ಆಚೆ ಹೋಗಬಾರದು. ಪ್ರಯೋಗ ತಾಂತ್ರಿಕ ಕಾರಣದಿಂದ ಮುಂದಕ್ಕೆ ಹೋಯ್ತು ಅಂತ ನಾಲ್ಕು ಸಾಲು ಹಾಕೋಣ. ನಿನ್ನ ಪುಟಾನೂ ಉಳಿಯುತ್ತೆ."

"ಇಲ್ಲ ಮೇಡಂ." ತಕ್ಕಡಿ ಕುರ್ಚಿಯಿಂದ ಎದ್ದ. "ಪುಟ ಹೋಯ್ತು. ಬರೆದು ಕೊಟ್ಟ ಮಾತು. ಕೊನೇ ಸಲ ಬರೀತೀನಿ. ಚಪ್ಪಲಿ ಡಬ್ಬ, ಬಿಸ್ಕತ್ ತಗಡು, ಯಾರ್ಯಾರು ಎಷ್ಟೆಷ್ಟು ಕೊಟ್ರು, ಎಲ್ಲಾ. ನಂಬಿಕೆ ಇದೆಯಾ ಅಂತ ನಾವು ಕೇಳಿದ್ದಕ್ಕೆ ಓದೋರು ಉತ್ತರ ಬರೆದ್ರು. ಈಗ ನಮ್ಮ ಸರದಿ."

ಗಿಣಿ ಅಳುತ್ತಿದ್ದಳು. ಹಲ್ಲಿನ ಡಾಕ್ಟರು ಕೈಚೀಲವನ್ನು ಎದೆಗೆ ಅವುಚಿಕೊಂಡು ಕೆಮ್ಮಿದರು.

"ಬರೀರಿ, ಬರೀಲೇಬೇಕು. ಆದ್ರೆ ಎಂಟೂವರೆ ಅನ್ನೋದು... ಅದೊಂದು ಬೇಡವಾಗಿತ್ತು. ನನ್ನ ಪೇಷಂಟುಗಳೆಲ್ಲ ಓದ್ತಾರೆ. ಯಾವ ಹಲ್ಲು ಕೀಳಬೇಕು ಅಂತ ಗೊತ್ತಾಗತ್ತಾ ಇವಳಿಗೆ ಅಂತಾರೆ."

"ಮತ್ತೆ ಆ ನೆಗಡಿಯ ಷರಾ," ಎಂದರು ವಕೀಲರು. ಹಣೆಯ ಮೇಲೆ ಬೆವರೊಡೆದಿತ್ತು. "ಅದು ದಾಖಲೆಗೆ ಹೋಗೋದು ಬೇಡ. ಪಕ್ಷಪಾತ ಕೂಡದು ಅಂತ ಬರೆದವನು ನಾನೇ, ಒಪ್ಪಿಕೊಳ್ತೀನಿ. ಆದರೆ ಸ್ವಾಮೀ, ನನ್ನ ವಿಷಯದಲ್ಲಿ ಮಾತ್ರ..." ಅವರು ಸುತ್ತ ನೋಡಿ, ತಕ್ಕಡಿಯ ಕಿವಿಯ ಹತ್ತಿರ ಬಾಗಿದರು. "ನನ್ನ ವಿಷಯದಲ್ಲಿ ಮಾತ್ರ ಸ್ವಲ್ಪ ಪಕ್ಷಪಾತ ಮಾಡಿ."

ಪಿಸುಮಾತೇನೋ ಹೌದು, ಆದರೆ ಕೋರ್ಟಿನಲ್ಲಿ ಪಳಗಿದ ಗಂಟಲು. ಅದು ಕೋಣೆಯ ಮೂಲೆಮೂಲೆಗೂ ಮುಟ್ಟಿತು. ತಕ್ಕಡಿಯ ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ಯಾರಿಗೂ ಅದೇನೆಂದು ಮೊದಲು ಹೊಳೆಯಲಿಲ್ಲ. ಆಮೇಲೆ ಅದು ಬಾಯಿಗೆ ಬಂತು. ಡಾಕ್ಟರು ತುಟಿ ಕಚ್ಚಿ ಹಿಡಿದುಕೊಂಡಿದ್ದ ನಗು ಕೈತಪ್ಪಿತು, ಸಂಪಾದಕಿ ಮೇಜಿನ ಮೇಲೆ ಮುಖ ಹುದುಗಿಸಿದರು, ಗಿಣಿ ಅಳುತ್ತ ಅಳುತ್ತಲೇ ಕಿಸಕ್ಕೆಂದಳು, ವಕೀಲರೂ ತಮ್ಮ ಮಾತು ತಮಗೇ ಅರ್ಥವಾಗಿ ಹೊಟ್ಟೆ ಕುಣಿಸಿದರು. ಎಲ್ಲರನ್ನೂ ಮೀರಿಸಿ ತಕ್ಕಡಿ ನಗುತ್ತಿದ್ದ. ಮೆಟ್ಟಿಲ ಕೆಳಗಿನ ಅಂಗಡಿಯವನು ತಲೆ ಎತ್ತಿ ನೋಡುವಷ್ಟು ಜೋರಾಗಿ.

ಒಬ್ಬೊಬ್ಬರೇ ಸುಮ್ಮನಾದರು. ಅವನದು ನಿಲ್ಲಲಿಲ್ಲ. ಕಣ್ಣೊರೆಸಿಕೊಳ್ಳಲು ಏನೂ ಸಿಗದೆ ಅವನು ಬಿಸ್ಕತ್ತಿನ ತಗಡಿನ ಪಕ್ಕ ಬಿದ್ದಿದ್ದ ಕಪ್ಪು ಬಟ್ಟೆಯನ್ನೇ ಎತ್ತಿ ಮುಖಕ್ಕೆ ಒತ್ತಿಕೊಂಡ. ಬಟ್ಟೆಯೊಳಗಿನಿಂದ ನಗು ಕೇಳುತ್ತಲೇ ಇತ್ತು. ಗಿಣಿ ಹಿಂದಿನಿಂದ ಬಂದು, ಸದ್ದಾಗದ ಹಾಗೆ, ಸ್ಪೀಕರಿನ ಪ್ಲಗ್ಗನ್ನು ಕಿತ್ತಳು.