ಅಸೇಯಳ ಮರಿಯ ಚರ್ಮ

ಬರ್ನಿ ಹಾಲಿನ ಬಟ್ಟಲನ್ನು ಚಿಕ್ಕಮಾವ ಸಮತರನ ಕೈಗೆ ಕೊಡುತ್ತಿದ್ದಾಗ, ಮುಳ್ಳುಬೇಲಿಯಾಚೆಯಿಂದ ಯಾರೋ ಕೂಗಿದರು. "ಕುಡೀಬೇಡಿ, ತಡೀರಿ."

ಮಾವ ದೀರಿಯೆಯನ್ನು ಮಣ್ಣು ಮಾಡಿ ಗಂಡಸರು ಆಗತಾನೇ ಬಂದಿದ್ದರು. ಅವರ ಉಗುರುಗಳಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಕೂಗಿದವನು ಕೋರಿಯೊ, ವಾಜಿರ್ ಪೇಟೆಯ ಪಶುವೈದ್ಯರ ಕಡೆಯವನು. ಹದಿನೈದು ದಿನದ ಹಿಂದೆ ಒಂಟೆಗಳ ಕತ್ತಿನಿಂದ ರಕ್ತ ತೆಗೆದುಕೊಂಡು ಹೋಗಿದ್ದ. ಸಾವಿನ ಸುದ್ದಿ ಅವನಿಗೆ ತಿಳಿದಿರಲಿಲ್ಲ. ಬೈಕಿಳಿದು, ನೆರೆದವರನ್ನು ನೋಡಿ ಪೆಚ್ಚಾದ.

"ರಕ್ತದ ವರದಿ ಬಂತು. ಹತ್ತೊಂಬತ್ತರಲ್ಲಿ ಏಳು ಒಂಟೆಗೆ ರೋಗ ಇದೆ," ಅಂದ. "ಬ್ರುಸೆಲ್ಲಾ ಅಂತಾರೆ. ಗಬ್ಬ ಇಳಿದುಹೋಗುತ್ತೆ. ಹಸಿ ಹಾಲು ಕುಡಿದ್ರೆ, ಸತ್ತು ಹುಟ್ಟಿದ ಮರಿ ಮುಟ್ಟಿದ್ರೆ ನಮಗೂ ಬರುತ್ತೆ. ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲುನೋವು."

"ನಮ್ಮ ಮಂದೆಗೇ ಯಾಕಪ್ಪ ಬಂತು?" ಅಂದಳು ಅರ್ದೊ. ಅವಳು ದೀರಿಯೆಯ ಹೆಂಡತಿ. ವಿಧವೆಯಾಗಿ ಇನ್ನೂ ಒಂದು ದಿನ ಕಳೆದಿರಲಿಲ್ಲ.

"ನಿಮ್ಮದೊಂದೇ ಅಲ್ಲಮ್ಮ. ಈ ಬಾವಿಗೆ ಬರೋ ಆರು ಮಂದೆ ನೋಡಿದ್ವಿ. ರೋಗ ಒಂದನ್ನೂ ಬಿಟ್ಟಿಲ್ಲ."

"ನಂಗೂ ಸೊಂಟ ಹಿಡಿದಿದೆ," ಎಂದ ಪಕ್ಕದ ಬಿಡಾರದ ಮುದುಕ.

"ನಿಂಗೆ ನೋವಿಲ್ಲದ ಜಾಗ ಯಾವುದು ಹೇಳು," ಎಂದು ಸಮತರ ಛೇಡಿಸಿದ. ಆದರೂ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

"ಬಸುರಿಯರಿಗೆ ಏನಾಗುತ್ತೆ?" ಬರ್ನಿ ಕೇಳಿದಳು.

ಕೋರಿಯೊ ಅವಳ ಏಳು ತಿಂಗಳ ಹೊಟ್ಟೆಯನ್ನು ನೋಡಿ ತಲೆ ತಗ್ಗಿಸಿದ. "ಇವತ್ತೇ ಪೇಟೆಗೆ ಬಾ ತಂಗಿ. ರಕ್ತ ಪರೀಕ್ಷೆ ಮಾಡಿಸೋಣ. ಔಷಧಿ ಇದೆ."

ಬರ್ನಿಯ ಹಿಂದಿನ ಎರಡು ಬಸಿರೂ ಐದನೇ ತಿಂಗಳಲ್ಲೇ ಹೋಗಿದ್ದವು.

*

ನಾಲ್ಕು ತಿಂಗಳ ಹಿಂದೆ ಅಸೇಯ ದಿನ ತುಂಬುವ ಮೊದಲೇ ನೋವು ತಿನ್ನತೊಡಗಿದಳು. ಮಂದೆಯಲ್ಲೆಲ್ಲ ಹೆಚ್ಚು ಹಾಲು ಕೊಡುವ ಕೆಂಚು ಒಂಟೆ ಅವಳು. ದೀರಿಯೆ ಮೊಣಕೈಯವರೆಗೆ ಬರಿಗೈ ಹಾಕಿ ಮರಿಯನ್ನು ಎಳೆದ. ಸತ್ತಿತ್ತು. ಅವನು ಅಲ್ಲೇ ಕೂತು ಅದರ ಚರ್ಮ ಸುಲಿದ, ಉಪ್ಪು ತಿಕ್ಕಿ ಒಣಗಿಸಿದ. ಅದನ್ನು ಮೂಗಿಗೆ ಹಿಡಿದರೆ ತಾಯಿಗೆ ಮರಿ ಇದೆಯೆಂದೇ ಅನ್ನಿಸಿ ಹಾಲಿಳಿಯುತ್ತದೆ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ.

ಅಂದಿನಿಂದ ದಿನಾ ಬೆಳಿಗ್ಗೆ ನೊರೆ ಆರುವ ಮುಂಚೆ ಮೊದಲ ಬಟ್ಟಲು ಬರ್ನಿಗೆ. ಅವಳ ಗಂಡನಾದ ತನ್ನ ಮಗನಿಗೂ ಕೊಡುತ್ತಿರಲಿಲ್ಲ.

"ಸಾಕು ಮಾವ, ಹೊಟ್ಟೆ ತುಂಬಿದೆ."

"ನಿಂಗಲ್ಲ ಕಣೇ, ಅವನಿಗೆ. ಈ ಸಲ ಗಟ್ಟಿಯಾಗಿ ನಿಲ್ತಾನೆ ನೋಡು."

ತಿಂಗಳೊಳಗೆ ಅವನಿಗೆ ಜ್ವರ ಹತ್ತಿತು. ಹೊದ್ದ ಬಟ್ಟೆ ಹಿಂಡುವಷ್ಟು ಬೆವರುತ್ತಿದ್ದ. ಮಲೇರಿಯಾ ಎಂದು ಮಾತ್ರೆ ನುಂಗಿದ. ನಡುಗುವ ಕೈಯಲ್ಲೂ ಬಟ್ಟಲು ತರುವುದನ್ನು ಮಾತ್ರ ಬಿಡಲಿಲ್ಲ.

*

"ಸತ್ತು ಹುಟ್ಟಿದ ಮರಿ ಚರ್ಮ ಏನಾದ್ರೂ ಇಟ್ಕೊಂಡಿದ್ದೀರಾ?" ಕೋರಿಯೊ ಕೇಳಿದ.

ಎಲ್ಲರೂ ಗುಡಿಸಲಿನ ಕಡೆ ನೋಡಿದರು. ಅದು ಬರ್ನಿ ಮಲಗುವ ಜಾಗದ ಮೇಲೆಯೇ ತೂಗುತ್ತಿತ್ತು.

"ಸುಟ್ಟುಬಿಡಿ. ಬರಿಗೈಲಿ ಮುಟ್ಟಬೇಡಿ. ಹಾಲು ಕುದಿಸದೆ ಕುಡೀಬೇಡಿ."

"ಚರ್ಮ ಇಲ್ದೆ ಅಸೇಯ ಹಾಲು ಕೊಡಲ್ಲ," ಅರ್ದೊ ಸಿಡುಕಿದಳು. "ಹಾಲು ಕುದಿಸಿದ್ರೆ ಒಂಟೆ ಕೆಚ್ಚಲೇ ಬತ್ತುತ್ತೆ ಅಂತ ಹಿರೀಕರು ಹೇಳಿಲ್ವಾ? ಗಂಡನ್ನ ಮಣ್ಣಿಗಿಟ್ಟ ದಿನವೇ ಅವನ ಒಂಟೇನೂ ಕಳ್ಕೊಳ್ಳಲಾ?"

"ಅತ್ತೆ," ಅಂದಳು ಬರ್ನಿ. "ಬೆಳಗ್ಗಿಂದ ಮಗು ಅಲುಗಾಡಿಲ್ಲ. ಸಾವಿನ ಮನೇಲಿ ಹೇಗೆ ಹೇಳ್ಲಿ ಅಂತ ಸುಮ್ಮನಿದ್ದೆ."

ಅರ್ದೊ ಅವಳನ್ನೇ ನೋಡಿದಳು. ಆಮೇಲೆ ಎದ್ದು ಗಂಡನ ಮಂದೆ ಕಾಯುವ ಕೋಲನ್ನು ತೆಗೆದುಕೊಂಡು ಒಳಗೆ ಹೋದಳು. ಚರ್ಮವನ್ನು ಕೋಲಿನ ತುದಿಗೆ ಸಿಕ್ಕಿಸಿ, ಅಂಗಳದ ಬೆಂಕಿಯತ್ತ ಎಳೆದುಕೊಂಡು ಬಂದಳು. ಕೋರಿಯೊ ಬೈಕ್ ಚಾಲೂ ಮಾಡಿದ. ಬರ್ನಿ ಎರಡೂ ಕೈಯಿಂದ ಹೊಟ್ಟೆ ಹಿಡಿದು ಹಿಂದೆ ಕೂತಳು.

ಬೇಲಿಯ ಸಂದಿನಿಂದ ಅಸೇಯ ಬಂದಳು. ಮರಳಲ್ಲಿ ಸರಿಯುತ್ತಿದ್ದ ಚರ್ಮವನ್ನು ಮೂಸಿ, ಗಂಟಲೊಳಗೇ ಸಣ್ಣಗೆ ದನಿ ತೆಗೆದು, ಅದರ ಹಿಂದೆಯೇ ನಡೆದಳು. ಕೆಚ್ಚಲಿನಿಂದ ಹಾಲು ತಾನಾಗಿ ಸುರಿಯತೊಡಗಿತು. ಬೆಂಕಿಯವರೆಗೂ ಮರಳು ಒದ್ದೆಯಾಯಿತು. ಬಟ್ಟಲು ಹಿಡಿದು ಯಾರೂ ಮುಂದೆ ಬರಲಿಲ್ಲ.