ಐದು ಬೆರಳಿನ ಪಾಪ

ಮಡಗಾಂವದಲ್ಲಿ ತರಬೇತಿ ಮುಗಿಸಿ ಬಂದ ಮೇಲೆ ಕೆರುಬಿನಾ ಟೀಚರಿಗೆ ಮಕ್ಕಳ ಮೇಲೆ ಅಪಾರ ನಂಬಿಕೆ ಹುಟ್ಟಿತ್ತು. ಯಾರಿಗೆ ಎಷ್ಟು ಬರುತ್ತದೆಂದು ಮಕ್ಕಳೇ ಹೇಳಬೇಕು, ಅದನ್ನು ನೋಡಿಕೊಂಡು ಪಾಠ ನಡೆಯಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಕಣ್ಣು ಮುಚ್ಚಿ ಎದೆಯ ಮುಂದೆ ಬೆರಳು ಹಿಡಿಯುವುದು. ಚೆನ್ನಾಗಿ ಬಂದರೆ ಐದು, ಏನೂ ಬಾರದಿದ್ದರೆ ಒಂದು. ಊರ ಇಗರ್ಜಿಯ ಸಂಗೀತ ಶಾಲೆಯಲ್ಲಿ ಅಲ್ಲಿಯವರೆಗೆ ಇದನ್ನೆಲ್ಲ ಹಳೆಯ ಮೇಷ್ಟ್ರು ಬಿಟ್ಟುಹೋದ ಬೆತ್ತವೇ ತೀರ್ಮಾನಿಸುತ್ತಿತ್ತು.

ಮೇ ತಿಂಗಳಲ್ಲಿ ಕೇರಿಯ ಶಿಲುಬೆಯ ಮುಂದೆ ಲದಿನ್ ಪ್ರಾರ್ಥನೆ ಹಾಡಬೇಕು, ಅದೂ ಎರಡು ದನಿಯಲ್ಲಿ. ಹೋದ ವರ್ಷದ್ದನ್ನು ಕೇಳಿ ಪಾದ್ರಿ ತೆಯೊತೊನಿಯೊ ತಲೆ ತಗ್ಗಿಸಿದ್ದರು. ಜನ ಅದನ್ನು ಭಕ್ತಿ ಎಂದುಕೊಂಡರು. ಈ ಸಲವೂ ಹಾಗೇ ಆದರೆ ಜೂನ್‌ನಿಂದ ಶಾಲೆಗೆ ಬೀಗ, ಇಗರ್ಜಿಗೆ ರೆಕಾರ್ಡು ಹಾಡಿನ ಸ್ಪೀಕರು ಎಂದು ಅವರು ಹೇಳಿಯಾಗಿತ್ತು. ಪಿಟೀಲು ಬಿಟ್ಟರೆ ಕೆರುಬಿನಾಗೆ ಬೇರೆ ಕಸುಬು ಗೊತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ.

ಹುಡುಗರೆಲ್ಲ ಐದು ತೋರಿಸಿದರು. ಅನಕ್ಲೇತು ಎರಡೂ ಕೈ ಎತ್ತಿದ. ಹುಡುಗಿಯರೆಲ್ಲ ಒಂದು; ಉರ್ಸುಲಿನಾ ಆ ಒಂದನ್ನೂ ಅರ್ಧ ಮಡಚಿದ್ದಳು. ಕೆರುಬಿನಾ ನಂಬಿದಳು. ಐದಿನವರಿಗೆ ನೇರ ಲದಿನ್ನನ್ನೇ ಕೊಟ್ಟು, ಒಂದರವರನ್ನು ದೊ ರೆ ಮಿ ಸ್ವರಪಾಠಕ್ಕೆ ಕೂರಿಸಿದಳು. ಈಸ್ಟರ್ ಕಳೆಯುವವರೆಗೂ ಹೀಗೇ ನಡೆಯಿತು. ಅನಕ್ಲೇತುವಿನ ದಂಡು ಬಾಯಿ ತೆರೆದದ್ದೇ ಗದ್ದೆಯಲ್ಲಿದ್ದ ಎಮ್ಮೆಗಳು ತಲೆಯೆತ್ತಿ ನೋಡುತ್ತಿದ್ದವು. ಇತ್ತ ದೊ ರೆ ಮಿ ಸಾಲಿನಲ್ಲಿ ಉರ್ಸುಲಿನಾ ಒಂದು ಸ್ವರವೂ ಅಲುಗದಂತೆ ಹಾಡುತ್ತಿದ್ದಳು.

"ಇಷ್ಟು ಚೆನ್ನಾಗಿ ಹಾಡ್ತೀಯಲ್ಲಮ್ಮ, ಒಂದೇ ಬೆರಳು ಯಾಕೆ ತೋರಿಸ್ದೆ?"

"ನಂಗೆ ಬರುತ್ತೆ ಅಂತ ನಾನೇ ಹೇಳ್ಕೊಂಡ್ರೆ ಜಂಬದ ಪಾಪ ಅಲ್ವಾ ಟೀಚರ್? ಕಣ್ಣು ಬೇರೆ ಮುಚ್ಚಿಸಿದ್ರಿ."

ಕಣ್ಣು ಮುಚ್ಚು, ಎದೆಯ ಮುಂದೆ ಕೈಯಿಡು, ನಿಜ ಹೇಳು ಎಂದರೆ ಆ ಊರಿನ ಮಕ್ಕಳಿಗೆ ಗೊತ್ತಿದ್ದದ್ದು ಒಂದೇ, ಪಾಪನಿವೇದನೆಯ ತಯಾರಿ.

"ನಿಂಗೆ ಪಾಪದ ಭಯ ಇಲ್ವೇನೋ ಅನಕ್ಲೇತು?"

"ಇದೆ ಟೀಚರ್. ಆದ್ರೆ ಶನಿವಾರ ಹೇಗೂ ಪಾದ್ರಿ ಹತ್ರ ಹೇಳ್ಕೋತೀವಲ್ಲ. ಹೋಗುತ್ತೆ."

ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ಕೆರುಬಿನಾಗೆ ಆಗಲಿಲ್ಲ. ಪ್ರಶ್ನೆಯನ್ನೇ ಬದಲಿಸಿದಳು.

"ಕಣ್ಣು ಬಿಟ್ಕೊಂಡೇ ಇರಿ. ಎಷ್ಟು ಬರುತ್ತೆ ಅಂತ ಹೇಳೋದು ಬೇಡ. ಹಾಡ್ತಾ ಹಾಡ್ತಾ ಎಲ್ಲಿ ತಪ್ಪುತ್ತೆ ಅನ್ಸುತ್ತೋ ಅಲ್ಲಿ ಕೈ ಎತ್ತಿ."

ಅವಳು ಪಿಟೀಲು ಹಿಡಿದಳು, ಹೋದ ವರ್ಷದ ಲದಿನ್ನನ್ನೇ ಎಲ್ಲರೂ ಹಾಡಿದರು. ಮೂರನೇ ಸಾಲಿನಲ್ಲಿ ಎರಡನೇ ದನಿ ಇಳಿಯುವ ಕಡೆ ಅಷ್ಟೂ ಕೈಗಳು ಒಟ್ಟಿಗೆ ಮೇಲೆದ್ದವು.

"ಎಲ್ಲಾರಿಗೂ ಅಲ್ಲೇ ಯಾಕೆ?"

ಉರ್ಸುಲಿನಾ ಹೇಳಿದಳು: "ಅಲ್ಲಿ ನಿಮ್ಮ ಪಿಟೀಲು ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ಹೋಗುತ್ತೆ ಟೀಚರ್. ನಾವೂ ಹಿಂದೇನೇ ಬರ್ತೀವಿ."

"ಹೋದ ವರ್ಷಾನೂ ಹೋಗಿತ್ತು," ಎಂದ ಅನಕ್ಲೇತು. ಅವನನ್ನು ಯಾರೂ ಕೇಳಿರಲಿಲ್ಲ.

ಕೆರುಬಿನಾಗೆ ಮೊದಲು ಸಿಟ್ಟು ಬಂತು, ಮನೆ ಮುಟ್ಟುವಷ್ಟರಲ್ಲಿ ನಾಚಿಕೆಯಾಯಿತು. ಆ ಜಾಗವನ್ನು ಮತ್ತೆ ಮತ್ತೆ ನುಡಿಸಿದಳು. ವರ್ಷಗಟ್ಟಲೆ ಹಾಗೇ ಓಡಾಡಿದ ಬೆರಳು ನಾಯಿಬಾಲದಂತೆ ತನ್ನ ಡೊಂಕಿಗೇ ಮರಳುತ್ತಿತ್ತು. ಮರುದಿನದಿಂದ ಆ ಸಾಲನ್ನು ಉರ್ಸುಲಿನಾಳಿಂದ ಹಾಡಿಸಿ, ತಾನು ಹುಡುಗರ ಪಕ್ಕದಲ್ಲಿ ಕೂತು ಹೇಳಿಸಿಕೊಂಡಳು. ಹುಡುಗರಿಗೆ ಬೇಗ ಬಂತು.

ಶಿಲುಬೆಯ ಮುಂದೆ ಮೂರನೇ ಸಾಲು ಬಂದಾಗ ಅವಳು ಕಮಾನನ್ನು ತಂತಿಯಿಂದ ಎತ್ತಿಬಿಟ್ಟಳು. ಮಕ್ಕಳು ತಾವೇ ಇಳಿದು, ಇಳಿದ ಸ್ವರದಲ್ಲಿ ಗಟ್ಟಿಯಾಗಿ ನಿಂತರು. ಅವಳ ಕಣ್ಣು ತುಂಬಿತು. ಪಾದ್ರಿ ತಲೆ ತಗ್ಗಿಸಲಿಲ್ಲ.

ಪ್ರಾರ್ಥನೆ ಮುಗಿದು ಬೇಯಿಸಿದ ಕಡಲೆ ಹಂಚುವಾಗ ಅವರು ಹತ್ತಿರ ಬಂದರು. "ಮಧ್ಯೆ ಪಿಟೀಲು ಯಾಕೆ ನಿಲ್ಸಿದ್ರಿ?"

ತಂತಿ ಸಡಿಲವಾಯಿತು ಎನ್ನಬಹುದಿತ್ತು. "ಆ ಜಾಗ ನಂಗೆ ಬರೋದಿಲ್ಲ ಫಾದರ್," ಎಂದಳು. "ಉರ್ಸುಲಿನಾ ಕಲಿಸ್ತಿದಾಳೆ. ಇನ್ನೂ ಬಂದಿಲ್ಲ."

ಪಾದ್ರಿ ಬಾಯಲ್ಲಿದ್ದ ಕಡಲೆಯನ್ನು ಪೂರ್ತಿ ಜಗಿದು ಮುಗಿಸಿದರು.

"ಹಾಗಾದ್ರೆ ಜೂನ್‌ನಲ್ಲಿ ಬೀಗ ಹಾಕೋ ಹಾಗಿಲ್ಲ," ಎಂದರು. "ನಿಮ್ಮ ಪಾಠ ಅರ್ಧಕ್ಕೇ ನಿಂತುಹೋಗುತ್ತೆ."