ಐಸಣ್ಣ ಚೆಲ್ಲಿದ ಫಾರ್ಮಲಿನ್

ಸೋಮವಾರ ಬೆಳಿಗ್ಗೆ ಐಸಣ್ಣನ ಹೆಂಡತಿಯ ಎದೆಯ ಗಡ್ಡೆಯಿಂದ ಡಾಕ್ಟರು ಸೂಜಿಯಲ್ಲಿ ತುಂಡು ತೆಗೆದರು. ಮಧ್ಯಾಹ್ನ ಆ ತುಂಡಿದ್ದ ಬಾಟಲಿ ಅವನ ಕೈಗೆ ಬಂತು. ಸಂಜೆಯ ಹೊತ್ತಿಗೆ ಬಾಟಲಿಯೊಳಗಿನ ದ್ರವ ಚರಂಡಿ ಸೇರಿತ್ತು. ತಾನು ಮಾಡಿದ್ದೇನೆಂಬುದು ಅವನಿಗೆ ತಿಳಿದದ್ದು ಮಂಗಳವಾರ ಬೆಳಿಗ್ಗೆ.

ಬಂದರಿನ ಪಕ್ಕದ ಐಸ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಅವನನ್ನು ಊರೆಲ್ಲ ಕರೆಯುತ್ತಿದ್ದದ್ದು ಐಸಣ್ಣ ಎಂದೇ. ಇತ್ತೀಚೆಗೆ ಕೆಲವು ಮೀನು ವ್ಯಾಪಾರಿಗಳು ಐಸ್ ಕೊಳ್ಳುವುದನ್ನು ಬಿಟ್ಟು, ಹಳೆಯ ಮೀನು ಹೊಸದರಂತೆ ಕಾಣಲೆಂದು ಕದ್ದುಮುಚ್ಚಿ ಫಾರ್ಮಲಿನ್ ಎಂಬ ರಾಸಾಯನಿಕ ಚಿಮುಕಿಸತೊಡಗಿದ್ದರು. ಕಣ್ಣುರಿಸುವ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಐಸಣ್ಣ ಮೀನಿನ ಬುಟ್ಟಿಯನ್ನೇ ಬೀದಿಗೆ ಸುರಿದು ಜಗಳಕ್ಕೆ ನಿಲ್ಲುತ್ತಿದ್ದ.

ಹಾಗಾಗಿ, ಹೆಂಡತಿಯ ತುಂಡಿನ ಬಾಟಲಿಯಿದ್ದ ಚೀಲದಿಂದ ಅದೇ ವಾಸನೆ ಬಂದಾಗ, ಇದೂ ಆ ವಿಷವೇ ಎಂದು ಅವನು ತೀರ್ಮಾನಿಸಿಬಿಟ್ಟ.

"ಮುಚ್ಚಳ ತೆಗೀಬೇಡಿ, ಸೀದಾ ಲ್ಯಾಬಿಗೆ ತಗೊಂಡ್ಹೋಗಿ" ಎಂದು ನರ್ಸು ಹೇಳಿಯೇ ಕೊಟ್ಟಿದ್ದಳು. ಐಸಣ್ಣ ಸೀದಾ ಕಾರ್ಖಾನೆಗೆ ಹೋದ. ಮುಚ್ಚಳ ತೆಗೆದ. ದ್ರವ ಚೆಲ್ಲಿ, ದಾರದೆಳೆಯಂಥ ತುಂಡುಗಳನ್ನು ಕುಡಿಯುವ ನೀರಿನಲ್ಲಿ ತೊಳೆದು, ಮತ್ತೆ ಬಾಟಲಿಗೆ ಹಾಕಿ, ಐಸ್ ಗಟ್ಟಿಯಾಗುವ ಕೋಣೆಯ ಮೂಲೆಯಲ್ಲಿಟ್ಟ. ದೊಡ್ಡ ಅನಾಹುತ ತಪ್ಪಿಸಿದೆನೆಂಬ ನೆಮ್ಮದಿಯಲ್ಲಿ ಮನೆಗೆ ಬಂದು ಮಲಗಿದ.

ಮರುದಿನ ಗಂಡಹೆಂಡತಿ ಇಬ್ಬರೂ ಬಾಟಲಿ ತೆಗೆದುಕೊಂಡು ಲ್ಯಾಬಿಗೆ ಹೋದರು. ಹೆಂಡತಿಯ ತಂಗಿಯ ಮಗಳು ಅಲ್ಲಿಯೇ ರೋಗಪರೀಕ್ಷೆಯ ಡಾಕ್ಟರು. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ದೊಡ್ಡಪ್ಪಾ, ಇದರಲ್ಲಿದ್ದ ಫಾರ್ಮಲಿನ್ ಎಲ್ಲಿ?"

"ಚೆಲ್ದೆ. ನಿಮ್ಮ ನರ್ಸಮ್ಮನಿಗೆ ಗೊತ್ತಿಲ್ಲ ಅಂದ್ರೆ ನನಗೂ ಗೊತ್ತಾಗಲ್ವಾ? ಮೀನಿಗೆ ಹಾಕೋ ವಿಷ ಅದು. ರಾತ್ರಿಯೆಲ್ಲಾ ಐಸಲ್ಲಿಟ್ಟಿದ್ದೆ, ತಾಜಾ ಇದೆ ನೋಡು."

ಡಾಕ್ಟರು ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಅಯ್ಯೋ ದೊಡ್ಡಪ್ಪಾ…"

"ಯಾಕೆ? ಆ ವಿಷದಿಂದಾನೇ ಕ್ಯಾನ್ಸರ್ ಬರುತ್ತಂತೆ. ಅದರಲ್ಲಿ ನೆನೆಸಿಟ್ರೆ ಇಲ್ಲದ ರೋಗಾನೂ ಕಾಣಿಸಲ್ವಾ?"

"ವರ್ಷಗಟ್ಟಲೆ ಅದರ ಗಾಳಿ ಕುಡಿದ್ರೆ ಅಪಾಯ, ನಿಜ. ಅದಕ್ಕೇ ನಾವು ಕೈಗವಸು ಹಾಕ್ಕೊಂಡು, ಗಾಳಿ ಹೊರಗೆಳೆಯೋ ಯಂತ್ರದ ಕೆಳಗೇ ಅದನ್ನ ಮುಟ್ಟೋದು. ಮೀನಿಗೆ ಹಾಕೋದಂತೂ ಅಪರಾಧ. ಆದ್ರೆ ಈ ತುಂಡು ತಿನ್ನೋಕಲ್ಲ, ನೋಡೋಕೆ! ಮೈಯಿಂದ ಹೊರಗೆ ಬಂದ ಕ್ಷಣದಿಂದಾನೇ ಅದು ಕೆಡೋಕೆ ಶುರುವಾಗುತ್ತೆ. ಫಾರ್ಮಲಿನ್ ಅದನ್ನ ಇದ್ದ ಹಾಗೇ ನಿಲ್ಲಿಸುತ್ತೆ. ಹೊಸ ರೋಗ ಎಲ್ಲಿಂದ ಹುಟ್ಟಬೇಕು?"

"ನಿಲ್ಲಿಸುತ್ತೆ ಅಂದ್ರೆ?" ಹೆಂಡತಿ ಕೇಳಿದಳು. ಅವಳು ಹೊಲಿಗೆಯ ಕೆಲಸದವಳು.

"ದೊಡ್ಡಮ್ಮಾ, ಜಾರೋ ಬಟ್ಟೆ ಕತ್ತರಿಸೋ ಮುಂಚೆ ಗುಂಡುಸೂಜಿ ಚುಚ್ತೀರಲ್ಲ, ಹಾಗೆ. ಜೀವಕೋಶದ ಪ್ರೋಟೀನನ್ನ ಒಂದಕ್ಕೊಂದು ಬಿಗಿದು ಹಿಡಿಯುತ್ತೆ. ಆಮೇಲೆ ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡ್ತೀವಿ."

"ನನ್ನ ಐಸೂ ಹಿಡಿದು ನಿಲ್ಲಿಸಲ್ವಾ?" ಐಸಣ್ಣನಿಗೆ ತಡೆಯಲಾಗಲಿಲ್ಲ. ಅವನ ಇಡೀ ಜೀವಮಾನದ ಕಸುಬಿನ ಪ್ರಶ್ನೆ ಅದು.

"ನೀವೇ ಹೇಳಿ. ಮೀನು ನಿಧಾನಕ್ಕೆ ಕಲ್ಲಿನ ಹಾಗೆ ಗಟ್ಟಿಯಾಗಿ, ಆಮೇಲೆ ಕರಗಿದ್ರೆ ಹೇಗಿರುತ್ತೆ?"

"ಮೆತ್ತಗೆ. ನೀರು ಬಿಟ್ಕೊಂಡು, ಒತ್ತಿದ್ರೆ ಹಿಟ್ಟಿನ ಹಾಗೆ…" ಮಾತು ಅರ್ಧಕ್ಕೇ ನಿಂತಿತು. ಐಸಿನ ಹರಳು ಒಳಗೊಳಗೇ ಉಬ್ಬಿ ಮಾಂಸವನ್ನು ಸೀಳುತ್ತದೆಂಬುದನ್ನು ಅವನು ಎಷ್ಟು ಮಂದಿಗೆ ಬಿಡಿಸಿ ಹೇಳಿರಲಿಲ್ಲ!

"ನಾವೂ ಕೆಲವು ಸಲ ಹೆಪ್ಪುಗಟ್ಟಿಸ್ತೀವಿ" ಎಂದಳು ಡಾಕ್ಟರು, ದನಿ ತಗ್ಗಿಸಿ. "ಅದು ಬೇರೆ ಯಂತ್ರದಲ್ಲಿ, ಹರಳು ದೊಡ್ಡದಾಗೋಕೆ ಬಿಡದಷ್ಟು ಬೇಗ. ಇದರಲ್ಲಿ ಕೋಶಗಳೆಲ್ಲ ಒಡೆದಿರುತ್ತವೆ. ನೋಡ್ತೀನಿ. ಆದ್ರೆ ಕ್ಯಾನ್ಸರ್ ಇದೆಯೋ ಇಲ್ವೋ ಅಂತ ಇದನ್ನ ನೋಡಿ ಹೇಳೋ ಧೈರ್ಯ ನನಗಿಲ್ಲ. ದೊಡ್ಡಮ್ಮನಿಗೆ ಮತ್ತೆ ಸೂಜಿ ಚುಚ್ಚಬೇಕಾಗುತ್ತೆ."

ಐಸಣ್ಣ ಹೆಂಡತಿಯ ಮುಖ ನೋಡಲಾರದೆ ನೆಲ ನೋಡಿದ. ಮೊದಲ ಸಲ ಚುಚ್ಚಿಸಿಕೊಂಡ ನೋವೇ ಇನ್ನೂ ಆರಿರಲಿಲ್ಲ. ಅವಳು ಸೆರಗಿನ ಮೇಲಿಂದಲೇ ಆ ಜಾಗವನ್ನು ಒತ್ತಿ ಹಿಡಿದಿದ್ದಳು.

"ನನ್ನ ಮೈಯೇನು ಮೀನಿನ ಬುಟ್ಟಿನಾ, ಐಸ್ ಹಾಕಿಡೋಕೆ?" ಎಂದಳು. "ಬರೋ ಸಲ ಬಾಟಲಿ ನಾನೇ ಹಿಡ್ಕೋತೀನಿ. ನೀನು ಚೀಲಾನೂ ಮುಟ್ಟಬೇಡ."

"ಮುಟ್ಟಲ್ಲ ಮಾರಾಯ್ತಿ" ಎಂದ ಐಸಣ್ಣ. "ನಿನ್ನ ಜೊತೆ ಬರ್ತೀನಿ, ಅಷ್ಟೇ."

ಎರಡನೆಯ ಸಲ ತುಂಡು ತೆಗೆದ ಕೂಡಲೇ ಫಾರ್ಮಲಿನ್‌ಗೆ ಬಿತ್ತು. ತುಂಡಿನ ಹತ್ತು ಪಟ್ಟಿಗೂ ಹೆಚ್ಚು ದ್ರವವಿತ್ತು. ಹೆಂಡತಿ ಬಾಟಲಿಯನ್ನು ಮಡಿಲಲ್ಲಿ ನೆಟ್ಟಗೆ ಹಿಡಿದು ಲ್ಯಾಬಿಗೆ ತಂದಳು. ಡಾಕ್ಟರು ಅವರಿಗೆ ಒಂದು ಕಪಾಟು ತೆರೆದು ತೋರಿಸಿದಳು. ಒಳಗೆ ಮೇಣದ ಸಣ್ಣ ಬಿಲ್ಲೆಗಳು ಸಾಲುಸಾಲಾಗಿದ್ದವು.

"ಒಪ್ಪಿಗೆ ಕೊಟ್ಟವರ ತುಂಡುಗಳು. ಕೆಲವು ನಾನು ಹುಟ್ಟೋ ಮುಂಚಿನವು. ಯಾವ ಔಷಧ ಯಾರಿಗೆ ನಾಟುತ್ತೆ ಅಂತ ಸಂಶೋಧಕರು ಈಗಲೂ ಇವನ್ನ ಸೀಳಿ ಕಲೀತಾರೆ."

"ಈ ಜನ ಎಲ್ಲಾ ಬದುಕಿದ್ದಾರಾ?"

"ಎಲ್ಲರೂ ಇಲ್ಲ ದೊಡ್ಡಮ್ಮಾ."

ಹೆಂಡತಿ ಕಪಾಟಿನತ್ತ ನೋಡುತ್ತಾ ನಿಂತಳು. "ಪರೀಕ್ಷೆ ಮುಗಿದ್ಮೇಲೆ ನಂದೂ ಇಟ್ಕೋ. ಎಲ್ಲಿ ಸಹಿ ಹಾಕ್ಬೇಕು?"

ಓದುತ್ತಿರುವವರೇ, ಇಂಥದೊಂದು ಬಾಟಲಿ ನಾಳೆ ನಿಮ್ಮ ಕೈಗೂ ಬರಬಹುದು. ಮುಚ್ಚಳ ತೆಗೆಯಬೇಡಿ, ಮೂಸಬೇಡಿ, ದ್ರವ ಚೆಲ್ಲಬೇಡಿ, ನೀರು ಬೆರೆಸಬೇಡಿ, ಫ್ರೀಜರಿನಲ್ಲಿಡಬೇಡಿ. ಮಕ್ಕಳ ಕೈಗೆ ಎಟುಕದಂತೆ ಹಿಡಿದು, ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಲ್ಯಾಬಿಗೆ ತಲುಪಿಸಿ. ಸೋರಿದರೆ ಆಸ್ಪತ್ರೆಗೇ ಹಿಂದಿರುಗಿಸಿ. ಮೈಗೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ. ಕೆಲವು ಪರೀಕ್ಷೆಗಳಿಗೆ ಫಾರ್ಮಲಿನ್ ಸಲ್ಲದು. ಯಾವುದಕ್ಕೆ ಯಾವ ದ್ರವವೆಂದು ಡಾಕ್ಟರೇ ನಿರ್ಧರಿಸಲಿ. ಅನುಮಾನ ಬಂದರೆ ಕೊಟ್ಟವರನ್ನೇ ಕೇಳಿ.

ಐಸಣ್ಣನ ಹೆಂಡತಿಯ ಎರಡನೆಯ ತುಂಡಿನ ವರದಿ ಬಂದಿದೆ: ಜೀವಕೋಶಗಳು ಸ್ಪಷ್ಟವಾಗಿ ಉಳಿದಿವೆ; ಗಡ್ಡೆ ಕ್ಯಾನ್ಸರಿನದು; ಹಾರ್ಮೋನ್ ಔಷಧಕ್ಕೆ ಬಗ್ಗುವ ಬಗೆಯದು.